ಹೊರಬೀಡಿಗೆ ಹೋದ ಮೀನು

ನಮ್ಮ ಫ್ರಿಜ್ಜಿನ ಮೇಲುಖಾನೆಯಲ್ಲಿ ಒಂದು ನೀಲಿ ಪೊಟ್ಟಣ ಬಿದ್ದುಕೊಂಡಿದೆ. ಅಂಗೈಯಗಲದ ಪ್ಲಾಸ್ಟಿಕ್ ಚೀಲ, ಒಳಗೆ ಗಂಜಿಯಂಥದ್ದೇನೋ ಗಟ್ಟಿಯಾಗಿ ಕೂತಿದೆ. ನೀವು ರಜೆಗೆ ಬಂದಾಗಲೆಲ್ಲ ಐಸ್‌ಕ್ರೀಮು ಹುಡುಕುತ್ತ ಅದನ್ನೇ ಮೊದಲು ಎಳೆದು ತೆಗೆದು, "ಅಜ್ಜಿ, ಇದನ್ಯಾಕೆ ಇಟ್ಕಂಡಿದೀಯ? ಬಿಸಾಕು" ಅನ್ನುತ್ತೀರಿ. ನಾನು ಹೂಂ ಅಂದು ಮತ್ತೆ ಅಲ್ಲೇ ಇಡುತ್ತೇನೆ. ಇಡುವಾಗ ಒಂದು ಸಲ ಮೂಗು ಮುರಿಯುತ್ತೇನೆ. ಬಾಯಿಬಿಟ್ಟು ಜಗಳ ಆಡಲು ಬಾರದವರಿಗೆ ಮೂಗು ಮುರಿಯುವುದೇ ದೊಡ್ಡ ಸುಖ. ನಾಲ್ಕು ಜನರೆದುರು ನನ್ನ ದನಿ ಏಳುವುದಿಲ್ಲ ಎಂಬುದು ನಿಮಗೆಲ್ಲ ಗೊತ್ತು. ಕಾಗದದೆದುರು ಏಳುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ, ನಗುವವರು ನಕ್ಕುಕೊಳ್ಳಿ.

ನೀರಿಗೆ ನೀಲಿ ಬಣ್ಣ ಕಲಸಿ, ಚೀಲಕ್ಕೆ ತುಂಬಿ, ಇದು ಮೀನನ್ನು ತಣ್ಣಗಿಡುತ್ತದೆ ಎಂದು ಮಾರುವವರು ಇದ್ದಾರಂತೆ. ಮಾರುವವರನ್ನು ನಾನು ಬಯ್ಯುವುದಿಲ್ಲ, ಹೊಟ್ಟೆಪಾಡು. ಕೊಳ್ಳುವವರು ಇದ್ದಾರಲ್ಲ, ಅದಕ್ಕೆ ಏನನ್ನಬೇಕು? ನಮ್ಮ ಮನೆಯಲ್ಲಿ ಕೊಂಡವಳು ಕಾವ್ಯ. ಕಾವ್ಯ, ಓದುತ್ತ ಮುಖ ಊದಿಸಿಕೊಳ್ಳಬೇಡ, ನಿನ್ನ ಸರದಿ ಇನ್ನೂ ಮುಂದಿದೆ.

ನಾನು ಹುಟ್ಟಿದ್ದು ಹೊನ್ನಾಳಿ ಹತ್ತಿರ ಹೊಳೆದಂಡೆಯ ಒಂದು ಊರಲ್ಲಿ. ನಮ್ಮಪ್ಪ ಬೆಳಗಿನ ಜಾವ ಹೊಳೆಗೆ ಹೋದರೆ ನಾನು ಶಾಲೆಗೆ ಹೊರಡುವಷ್ಟರಲ್ಲಿ ಮೀನು ಅಂಗಳದಲ್ಲಿರುತ್ತಿತ್ತು. ಅವ್ವ ಬೂದಿ ಹಚ್ಚಿ ಉಜ್ಜಿ, ಈಳಿಗೆಮಣೆ ಹಾಕಿಕೊಂಡು ಕೂರುತ್ತಿದ್ದಳು. "ಮೀನು ಹೊಳೆ ಮರೆಯೋದ್ರೊಳಗೆ ಒಲೆ ಕಾಣಬೇಕು" ಅನ್ನುವುದು ಅವಳ ಮಾತು. ಹೆಚ್ಚು ಸಿಕ್ಕರೆ ನೆರೆಮನೆಗೆ, ಅದಕ್ಕೂ ಹೆಚ್ಚಾದರೆ ಉಪ್ಪು ಸವರಿ ಬಿಸಿಲಿಗೆ. ಮೀನನ್ನು ತಣ್ಣಗಿಡುವ ಚಿಂತೆಯನ್ನೇ ನಾವು ಮಾಡಿದವರಲ್ಲ. ನನ್ನ ಬಳಪದ ಚೀಲದಲ್ಲೂ ಮೀನಿನ ವಾಸನೆ ಇರುತ್ತಿತ್ತು. ಮೇಷ್ಟ್ರು ನನ್ನನ್ನು ಗಾಳಿ ಬರುವ ಜಾಗ ಎಂದು ಬಾಗಿಲ ಹತ್ತಿರ ಕೂರಿಸುತ್ತಿದ್ದರು. ಗಾಳಿ ನನಗೋ ಅವರಿಗೋ ಎಂದು ಕೇಳಬೇಕೆಂದು ಏಳನೇ ಕ್ಲಾಸು ಮುಗಿಯುವವರೆಗೂ ಅಂದುಕೊಂಡೆ. ಕೇಳಲಿಲ್ಲ.

ಈಗ ನೋಡಿ. ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದಲ್ಲಿ ನಿಮ್ಮಜ್ಜನ ತಂಗಿ ಇದ್ದಾಳೆ. ಅವಳ ಮನೆಯ ಫ್ರಿಜ್ಜಿನಲ್ಲಿ ಮೀನು ಐಸಿನ ಗೋಡೆಯೊಳಗೆ ಸೇರಿಹೋಗಿ, ಅದನ್ನು ಬಿಡಿಸಲು ಮಗ್ಗುಲ ಮನೆಯಿಂದ ಉಳಿ ತರಬೇಕಾಯಿತು. "ಅತ್ತಿಗೆ, ಇದು ಹೋದ ದೀಪಾವಳಿದು, ಏನೂ ಆಗಿಲ್ಲ ನೋಡು" ಎಂದು ಹೆಮ್ಮೆಯಿಂದ ತೋರಿಸಿದಳು. ನಮ್ಮ ಕಾಲದಲ್ಲಿ ಅಷ್ಟು ದಿನ ಕೆಡದೆ ಉಳಿಯುತ್ತಿದ್ದದ್ದು ಉಪ್ಪಿನಕಾಯಿ, ಮತ್ತೆ ಓರಗಿತ್ತಿಯರ ಮೇಲಿನ ಸಿಟ್ಟು. ಅವಳಿಗೆ ಎದುರಾಡದೆ ಹೂಂ ಅಂದು, ಉಣ್ಣುವಾಗ ಬರೀ ಸಾರು ಬಡಿಸಿಕೊಂಡೆ.

ಇಷ್ಟೆಲ್ಲ ಮೂಗು ಮುರಿದ ನಾನೇ ಹೋದ ಬೇಸಿಗೆಯಲ್ಲಿ ಕಲ್ಲಿನಂತೆ ಹೆಪ್ಪುಗಟ್ಟಿದ ಮೀನನ್ನು ಡಬ್ಬಿಯಲ್ಲಿಟ್ಟು, ಕೂಸು ಹೊತ್ತಂತೆ ಹೊತ್ತು, ನ್ಯಾಮತಿಯಿಂದ ಜಗಳೂರಿನ ಕಡೆಗೆ ಹೊರಟೆ. ಸುಧಾಳ ಸಲುವಾಗಿ.

ನಿಮ್ಮ ಸುಧಕ್ಕನ ಅವ್ವ, ಅಂದರೆ ನನ್ನ ಹಿರೀ ಮಗಳು, ಸುಧಾ ಚಿಕ್ಕವಳಿದ್ದಾಗಲೇ ಹೋದಳು. ಸಾಕಿದವಳು ನಾನು. ಸುಧಾಳನ್ನು ಕೊಟ್ಟದ್ದು ಬಿಳಿಚೋಡಿನಿಂದ ಒಳಗೆ ಹೋದರೆ ಸಿಗುವ ಒಂದು ಊರಿಗೆ. ಅವಳು ಬಸುರಾಗಿ ನಾಲ್ಕು ತಿಂಗಳಾಗಿತ್ತು, ತಿಂದದ್ದು ಒಂದೂ ನಿಲ್ಲುತ್ತಿರಲಿಲ್ಲ. ಜಗಳೂರಿನ ಡಾಕ್ಟರಮ್ಮ ಎರಡು ಸಲ ಡ್ರಿಪ್ ಹಾಕಿ, "ಹೊಟ್ಟೆಗೆ ಅನ್ನ ನಿಲ್ಲದಿದ್ರೆ ಮಗು ಬೆಳೆಯೋದು ಹೆಂಗೆ? ಇನ್ನೂ ತೂಕ ಇಳಿದ್ರೆ ದಾವಣಗೆರೆಗೆ ಸೇರಿಸ್ಬಿಡಿ" ಅಂದಿದ್ದರು. ಆಮೇಲೆ ಒಂದು ದಿನ ಸುಧಾಳ ಫೋನು ಬಂತು. ಬಾವಿಯ ತಳದಿಂದ ಬಂದಂಥ ದನಿ.

"ಅಜ್ಜಿ, ಏನು ಕಂಡ್ರೂ ವಾಕರಿಕೆ. ಹೊಳೆ ಬಾಳೆಮೀನಿನ ಸಾರು, ನೀನು ಮಾಡ್ತೀಯಲ್ಲ, ಅದೊಂದು ಉಣ್ಣಬೇಕು ಅನಿಸ್ತೈತೆ."

ಬಸುರಿಯ ಬಯಕೆಯನ್ನು ತವರಿನವರು ತೀರಿಸಬೇಕು. ಸುಧಾಳಿಗೆ ತವರು ಅಂದರೆ ಬಸ್ಸಿನ ಕಂಡಕ್ಟರಿಗೂ ಹೆದರುವ ಈ ಮುದುಕಿ ಒಬ್ಬಳೇ. ಏನು ಮಾಡುವುದು, ಹೊರಟೆ.

ಬೇಸಿಗೆಯಲ್ಲಿ ಹೊಳೆ ಬತ್ತಿರುತ್ತದೆ, ಬಾಳೆಮೀನು ಕೇಳಿದಾಗ ಸಿಗುವುದಿಲ್ಲ. ಹೊನ್ನಾಳಿಯ ಮೀನಿನವನು ಸಿಕ್ಕ ಒಂದನ್ನು ಐಸಿಗೆ ಹಾಕಿ ಇಟ್ಟಿದ್ದ. ಕಾವ್ಯ ಹೋಗಿ ತಂದಳು. ಕೈಗೆ ತೆಗೆದುಕೊಂಡರೆ ಒನಕೆ ಹಿಡಿದಂತಾಯಿತು. ಕಾವ್ಯ ಫೋನಿನಲ್ಲಿ ಯಾರೋ ಪ್ಯಾಕ್ ಮಾಡುವುದನ್ನು ನೋಡಿ ನೋಡಿ, ಬಿಳಿ ಥರ್ಮಾಕೋಲ್ ಡಬ್ಬಿಯಲ್ಲಿ ಮೀನು ಮಲಗಿಸಿ, ಅದರ ಮೇಲೆ ಕೆಳಗೆ ಈ ನೀಲಿ ಪೊಟ್ಟಣ ಜೋಡಿಸಿ, ಸಂದಿಗೆಲ್ಲ ಪೇಪರು ತುರುಕಿ, ಮದುವಣಗಿತ್ತಿಗೆ ಬಾಸಿಂಗ ಕಟ್ಟಿದಷ್ಟು ಜೋಪಾನದಲ್ಲಿ ಟೇಪು ಸುತ್ತಿದಳು.

"ಯಾರು ಏನೇ ಅನ್ನಲಿ, ಮುಚ್ಚಳ ಮಾತ್ರ ತೆಗೀಬ್ಯಾಡ ಅಜ್ಜಿ. ತೆಗೆದಷ್ಟು ಸಲ ಅದರ ಜೀವ ಹೋಗ್ತೈತೆ."

"ಯಾರ ಜೀವ?"

"ಮೀನಿಂದು."

"ಅದು ಹೋಗಿ ಯಾವ ಕಾಲ ಆತೆ."

ಅವಳು ಹೇಳಿದ್ದು ಸರಿಯಾಗಿಯೇ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಫೋನಿನೊಳಗಿನ ಮನುಷ್ಯ ಬಾಗಿಲು ಹಾಕಿಕೊಂಡು ಒಬ್ಬನೇ ಮೀನು ಕಟ್ಟುತ್ತಿದ್ದ. ಅವನಿಗೆ ಬೀಗರಿರಲಿಲ್ಲ.

ಬಸ್ಸಿನಲ್ಲಿ ನನ್ನ ಪಕ್ಕ ಸೂರಗೊಂಡನಕೊಪ್ಪದ ಒಬ್ಬ ಹೆಂಗಸು ಕೂತಿದ್ದಳು. ಕಂಡಕ್ಟರು ಬಂದು, "ಏನಮ್ಮ ಡಬ್ಬಿಲಿ? ಮೀನು ಗೀನು ಅಲ್ಲ ತಾನೆ? ವಾಸನೆ ಬಂದ್ರೆ ಇಳಿಸಿಬಿಡ್ತೀನಿ" ಅಂದ. ನನ್ನ ಬಾಯಿಂದ "ಔಷಧಿ" ಅನ್ನುವ ಮಾತು ತಾನಾಗಿ ಹೊರಬಿತ್ತು. ಅಷ್ಟೇ ಸಾಕಾಯಿತು. "ಮೊದ್ಲೇ ಹೇಳಬಾರ್ದಾ? ಇಲ್ಲಿ ಯಾರಾದ್ರೂ ತುಳಿದುಗಿಳಿದಾರು, ಕೊಡ್ರಿ" ಎಂದು ಡಬ್ಬಿ ಕಿತ್ತುಕೊಂಡು, ಬಲು ಭಕ್ತಿಯಿಂದ ಡ್ರೈವರಿನ ಪಕ್ಕ ಎಂಜಿನ್ನಿನ ಮುಚ್ಚಳದ ಮೇಲೆ ಇಟ್ಟ. ದೋಸೆ ಹಾಕಿದರೆ ಬೇಯುವಂಥ ಜಾಗ ಅದು.

ಪಕ್ಕದವಳು ನನ್ನ ಕಿವಿಯ ಹತ್ತಿರ ಬಾಗಿದಳು. "ಯಾವ ಔಷಧಿನಮ್ಮ? ಹೊಳೇದೋ, ಕೆರೇದೋ?"

"ಹೊಳೇದು" ಅಂದೆ.

"ಹಂಗಾರೆ ದಾವಣಗೆರೆ ಮುಟ್ಟಾದ್ರೊಳಗೆ ಬೆಂದು ಸಾರೇ ಆಗ್ತೈತೆ. ಎದ್ದು ಈಸ್ಕಂಡ್ ಬಾ."

ನಾನು ಏಳಲಿಲ್ಲ. ಅವಳೇ ಎದ್ದಳು. "ಏ ತಮ್ಮಾ, ಆ ಔಷಧಿ ಬಿಸಿಗೆ ಕೆಡ್ತೈತಂತೆ, ಅಜ್ಜಿ ಹೇಳಾಕೆ ನಾಚ್ಕೊಂತೈತೆ" ಎಂದು ಬಸ್ಸಿಗೆಲ್ಲ ಕೇಳುವಂತೆ ಕೂಗಿ, ಡಬ್ಬಿಯನ್ನು ತಂದು ನನ್ನ ತೊಡೆಯ ಮೇಲಿಟ್ಟು ಹೊನ್ನಾಳಿಯಲ್ಲಿ ಇಳಿದುಹೋದಳು. ಆಮೇಲೆ ಡಬ್ಬಿಯ ತಳದಿಂದ ಒಂದೊಂದೇ ಹನಿ ನನ್ನ ಸೀರೆಗೆ ಬೀಳತೊಡಗಿತು. ಎದುರು ಕೂತವರು ನನ್ನ ವಯಸ್ಸು ನೋಡಿ, ಕನಿಕರದಿಂದ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು.

ಹೊತ್ತು ಮುಳುಗುವಾಗ ಸುಧಾಳ ಮನೆ ಮುಟ್ಟಿದೆ. ಅವಳನ್ನು ನೋಡಿದರೆ ಬಳೆ ಮೊಣಕೈವರೆಗೆ ಜಾರುವಷ್ಟು ಸೊರಗಿದ್ದಳು. ಡಬ್ಬಿಯನ್ನು ಕಂಡು ಕಣ್ಣರಳಿಸಿದಳು. ನಾನು ಸೆರಗು ಸಿಕ್ಕಿಸಿಕೊಂಡು, "ಈಗಲೇ ಮಾಡ್ತೀನಿ, ಇರವ್ವ" ಅಂದೆ. ಅವಳ ಅತ್ತೆ ಗಂಗಮ್ಮ ಬಾಗಿಲಲ್ಲೇ ನಿಂತು ಕೈ ಹೊಸೆದರು. "ಬೀಗ್ರೆ, ಊರಿಗೆ ಸಾರು ಹಾಕೈತಲ್ರಿ. ನಾಳೆ ಹೊರಬೀಡು."

ನಿಮ್ಮಲ್ಲಿ ಕೆಲವರಿಗೆ ಇದು ಗೊತ್ತಿರಲಿಕ್ಕಿಲ್ಲ. ಊರಿಗೆ ಬೇನೆ ಬರಬಾರದೆಂದು ಊರದೇವಿಯ ಹೆಸರಲ್ಲಿ ಆ ಸೀಮೆಯಲ್ಲಿ ಒಂದು ದಿನ ಊರಿಗೆ ಊರೇ ಬಿಟ್ಟು ಹೊರಗೆ ಹೋಗುತ್ತಾರೆ. ಸೂರ್ಯ ಮೂಡುವ ಮೊದಲೇ ದನ, ಕರು, ಕೋಳಿ, ಕೂಸು, ಬಾಣಂತಿ ಎಲ್ಲರೂ ಹೊಲಕ್ಕೆ. ಊರ ದಾರಿಗೆ ಮುಳ್ಳು ಹಚ್ಚುತ್ತಾರೆ. ಯಾರ ಮನೆಯಲ್ಲೂ ಬೆಂಕಿ, ದೀಪ ಇರಕೂಡದು. ಹೊಲದಲ್ಲೇ ಹೋಳಿಗೆ ಮಾಡಿಕೊಂಡು ಉಂಡು, ಸಂಜೆ ಪೂಜೆಯಾದ ಮೇಲೆ ಒಳಗೆ. ಅದಕ್ಕೆ ಮುಂಚೆ ತಮಟೆ ಬಡಿದು ಸಾರುತ್ತಾರೆ, ಅದೇ ಸಾರು ಹಾಕುವುದು. ಸಾರು ಹಾಕಿದ ಮೇಲೆ ಒಗ್ಗರಣೆ ಇಲ್ಲ, ರೊಟ್ಟಿ ಬಡಿಯುವಂತಿಲ್ಲ, ಮಾಂಸ ಮೀನು ಕೇಳಲೇಬಾರದು. ಹೊರಬೀಡು ಮುಗಿದು ಬೆಳಗಾಗುವವರೆಗೆ ಊರಿನ ಜನ ಸೀಮೆ ದಾಟುವಂತೆಯೂ ಇಲ್ಲ.

ಇರಲಿ, ಮೀನನ್ನು ನಾಡಿದ್ದಿನವರೆಗೆ ಫ್ರಿಜ್ಜಿನಲ್ಲಿಡೋಣ ಎಂದು ಇಟ್ಟೆವು. ಅಷ್ಟರಲ್ಲಿ ತಿಪ್ಪಣ್ಣನವರು ಬಂದರು. ಇವರು ಸುಧಾಳ ಗಂಡ ಮಂಜುವಿನ ದೊಡ್ಡಪ್ಪ, ಊರಿನ ಕಟ್ಟುಪಾಡಿಗೆಲ್ಲ ತಾವೇ ಆಧಾರಸ್ತಂಭ ಎಂದುಕೊಂಡವರು. ಮನೆಮನೆಗೆ ಹೋಗಿ ಒಲೆ ಆರಿದೆಯೋ ಇಲ್ಲವೋ ನೋಡಿಕೊಂಡು ಬರುತ್ತಿದ್ದರು. ಫ್ರಿಜ್ಜಿನ ಮೇಲಿದ್ದ ಸ್ಟೆಬಿಲೈಜರಿನ ಮುಂದೆ ನಿಂತರು.

"ಇದೇನು ಕೆಂಪಗೆ ಉರೀತೈತೆ?"

"ಅದು ಲೈಟು ದೊಡ್ಡಪ್ಪ" ಅಂದ ಮಂಜು.

"ಲೈಟು ಅಂದ್ರೇನು? ದೀಪ ಅಲ್ಲೇನು? ನಾಳೆ ಬೆಳಿಗ್ಗೆ ಮೇನ್ ಸ್ವಿಚ್ ಇಳಿಸಿ ಹೊರಡ್ರಿ."

"ಫ್ರಿಜ್ಜಿನಾಗೆ ಸುಧಾಗೆ ತಂದ ಮೀನೈತೆ, ಕೆಡ್ತೈತೆ."

"ಮೀನು ದೊಡ್ಡದೋ, ಊರು ದೊಡ್ಡದೋ?"

ಇಂಥ ಪ್ರಶ್ನೆ ಕೇಳುವವರಿಗೆ ಉತ್ತರ ಬೇಕಿರುವುದಿಲ್ಲ. ಊರ ನಡುವೆ ಮೊಬೈಲಿನ ಟವರು ತಲೆಯ ಮೇಲೆ ಕೆಂಪು ದೀಪ ಹಚ್ಚಿಕೊಂಡು ನಿಂತಿತ್ತು. ಅದಕ್ಕೆ ಹೊರಬೀಡಿರಲಿಲ್ಲ. ತಿಪ್ಪಣ್ಣನವರ ಜೇಬಿನಲ್ಲಿದ್ದ ಫೋನೂ ಪಳಪಳ ಉರಿಯುತ್ತಿತ್ತು. ದೇವಿಗೆ ಕಣ್ಣು ಚುಚ್ಚಿದ್ದು ಸುಧಾಳ ಫ್ರಿಜ್ಜಿನ ಮೇಲಿನ ಜೋಳದ ಕಾಳಿನಷ್ಟು ದೀಪವೊಂದೇ. ಇದನ್ನೆಲ್ಲ ನಾನು ಅಂದೆನೆಂದು ತಿಳಿಯಬೇಡಿ. ಒಳಗೆ ನಿಂತು ಸೆರಗಿನ ತುದಿ ಸುತ್ತುತ್ತಿದ್ದೆ.

ಹೀಗಾಗಿ ಮಾರನೆಯ ದಿನ ನಸುಕಿನಲ್ಲಿ, ಇಡೀ ಊರಿನ ಜೊತೆ ಮೀನೂ ಹೊರಬೀಡಿಗೆ ಹೊರಟಿತು. ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಪಾತ್ರೆ, ಹಾಸಿಗೆ, ಕೋಳಿಪಂಜರ, ಒಂದು ಕರು, ಸುಧಾ, ನಾನು, ನನ್ನ ತೊಡೆಯ ಮೇಲೆ ಡಬ್ಬಿ. ಅವರ ಹೊಲ ಊರ ಸೀಮೆಯ ಅಂಚಿನಲ್ಲಿತ್ತು. ಬಿತ್ತನೆಗೆ ಮುಂಚಿನ ಬೋಳು ನೆಲ, ಎರಡು ಬೇವಿನ ಮರ. ಒಂದರ ನೆರಳಿಗೆ ಸುಧಾಳನ್ನು ಮಲಗಿಸಿದೆವು, ಇನ್ನೊಂದು ಹಳೆ ಬೇವಿನ ಬುಡಕ್ಕೆ ಡಬ್ಬಿ ಇಟ್ಟೆವು.

ಮೊದಲು ಶುರುವಾದದ್ದು ಸಲಹೆ. ಮೀನು ಕಂಡರಿಯದ ಒಣಸೀಮೆಯಲ್ಲಿ ಮೀನಿನ ಬಗ್ಗೆ ಇಷ್ಟೊಂದು ವಿದ್ಯೆ ಇದೆಯೆಂದು ನನಗೆ ಗೊತ್ತಿರಲಿಲ್ಲ. ಒಬ್ಬರು ಮರಳಿನಲ್ಲಿ ಹುಗಿಯಿರಿ ಅಂದರು. ಇನ್ನೊಬ್ಬರು ಬಾವಿಗೆ ಇಳಿಬಿಡಿ ಅಂದರು, ಬಾವಿಯಲ್ಲಿ ನೀರೇ ಇರಲಿಲ್ಲ. ಡಬ್ಬಿಯ ಮೇಲೆ ಹಸಿ ಸಗಣಿ ಬಳಿಯಿರಿ, ತಂಪು ಅಂದವರೂ ಇದ್ದರು. ಸಲಹೆ ಕೊಡುವ ಪ್ರತಿಯೊಬ್ಬರೂ ಕೊಡುವ ಮೊದಲು, "ಎಲ್ಲಿ, ಇನ್ನಾ ತಣ್ಣಗೈತಾ ನೋಡಾನ" ಎಂದು ಮುಚ್ಚಳ ತೆಗೆದು ಕೈ ಹಾಕುತ್ತಿದ್ದರು. ನೋಡಿ, "ಹೂಂ, ತಣ್ಣಗೈತೆ" ಎಂದು ನನಗೆ ಸಮಾಧಾನ ಹೇಳಿ ಹೋಗುತ್ತಿದ್ದರು. ತಣ್ಣಗಿರುವುದನ್ನು ತಣ್ಣಗಿದೆಯೇ ಎಂದು ನೋಡಿ ನೋಡಿಯೇ ಬೆಚ್ಚಗೆ ಮಾಡಿದ ಜನ ಅವರು.

ಆಮೇಲೆ ನೀಲಿ ಪೊಟ್ಟಣಗಳಿಗೆ ಗಿರಾಕಿ ಹುಟ್ಟಿದರು. ಯಾರದೋ ಕೂಸು ಬಿದ್ದು ಹಣೆ ಬುಗುಟಾಯಿತು, "ಅಜ್ಜಿ, ಒಂದು ಗಳಿಗೆ ಕೊಡ್ರಿ" ಎಂದು ಒಂದನ್ನು ಒಯ್ದರು. ಅದು ಹಣೆಯಿಂದ ಹಣೆಗೆ, ಕೈಯಿಂದ ಕೈಗೆ ಹೋಗಿ ಕಡೆಗೆ ಕರುವಿನ ಬಾಯಲ್ಲಿ ಸಿಕ್ಕಿತು. ಇನ್ನೊಂದನ್ನು ತಿಪ್ಪಣ್ಣನವರೇ ಬಂದು ತೆಗೆದುಕೊಂಡರು. ಮೊಣಕಾಲಿಗೆ ಕಟ್ಟಿಕೊಂಡು, ಕಾಲು ಚಾಚಿ, "ಆಹಾ, ಏನ್ ತಂಪೈತೆ ಬೀಗ್ರೆ! ನಮ್ಮನ್ಯಾಗೂ ಒಂದು ತರಿಸಿಡಬೇಕು" ಅಂದರು. ಕಟ್ಟುಪಾಡು ಮುರಿಯುವ ಮೀನಿನ ಪಕ್ಕ ಮಲಗಿ ಬಂದ ಪೊಟ್ಟಣ ಅವರ ಮೊಣಕಾಲಿಗೆ ಮೈಲಿಗೆಯಾಗಲಿಲ್ಲ. ನಾನು ಬೇಡವೆನ್ನಲಿಲ್ಲ. ಬೇಡವೆನ್ನಲು ಬಾಯಿ ತೆರೆಯಬೇಕಲ್ಲ.

ನೆತ್ತಿಯ ಮೇಲೆ ಬಿಸಿಲು ಬಂತು. ಹೋಳಿಗೆ ಬೆಂದವು. ಗಂಗಮ್ಮ ಆಸೆಯಿಂದ ಸುಧಾಳಿಗೆ ಒಂದು ಚೂರು ಮುರಿದು ಕೊಟ್ಟರು, ತುಪ್ಪ ಹಾಕಿ. ನುಂಗಿದ್ದೇ ತಡ, ಹೊಟ್ಟೆಯಲ್ಲಿದ್ದ ನೀರಿನ ಸಮೇತ ಎಲ್ಲ ಹೊರಗೆ ಬಂತು. ಕಣ್ಣು ಮೇಲಾಗಿ, ಬೇವಿನ ಬುಡಕ್ಕೆ ಒರಗಿದವಳು ಕರೆದರೂ ಓಗೊಡಲಿಲ್ಲ. ನೀರು ಚಿಮುಕಿಸಿದೆವು. ಕಣ್ಣು ಬಿಟ್ಟು ಬಾಯಲ್ಲಿ ಏನೋ ಅಂದಳು, ನಾನು ಕಿವಿ ಹಚ್ಚಿ ಕೇಳಿದೆ. "ಮೀನು ಕೆಟ್ಟೋತಾ ಅಜ್ಜಿ?"

ಡಬ್ಬಿ ತೆಗೆದು ನೋಡಿದೆ. ಈಗ ನಮ್ಮ ಫ್ರಿಜ್ಜಿನಲ್ಲಿರುವ ಪೊಟ್ಟಣವೊಂದೇ ಅದರಲ್ಲಿ ಉಳಿದಿತ್ತು. ಒನಕೆಯಂತಿದ್ದದ್ದು ಮೆತ್ತಗಾಗಿ ಬಾಗುತ್ತಿತ್ತು. ಕಣ್ಣು ಇನ್ನೂ ತಿಳಿಯಾಗಿತ್ತು, ಹೊಟ್ಟೆಯ ಹತ್ತಿರ ತಂಪಿತ್ತು. ಮೂಸಿದೆ. ಈಗಲೇ ಮಾಡಿದರೆ ಉಂಟು, ಸಂಜೆಗೆ ಇಲ್ಲ. ಇದು ಹೋದರೆ ಇವಳ ಹೊಟ್ಟೆಗೆ ಹಾಕಲು ನನ್ನ ಹತ್ತಿರ ಇನ್ನೇನೂ ಇರಲಿಲ್ಲ.

ತಲೆಯೆತ್ತಿದರೆ ಹೊಲದ ಕಡೆಯ ಬದು ಕಂಡಿತು. ಅದರಾಚೆಯೂ ಇಂಥದೇ ಬೋಳು ನೆಲ, ಆದರೆ ಅಲ್ಲಿ ಒಂದು ಬಿಡಾರವೂ ಇಲ್ಲ, ಹೊಗೆಯೂ ಇಲ್ಲ. ಗಂಗಮ್ಮನ ಹತ್ತಿರ ಸರಿದು ಮೆಲ್ಲಗೆ ಕೇಳಿದೆ.

"ಆ ಬದುವಿನಾಚೆ ಯಾರ ಸೀಮೆರೀ?"

"ಅದು ಆಚೆ ಊರಿಂದು."

"ಅವ್ರಿಗೆ ಸಾರು ಹಾಕೈತಾ?"

"ಅವ್ರದು ಹೋದ ತಿಂಗಳೇ ಮುಗೀತಲ್ರಿ."

"ನಾನಂತೂ ಈ ಊರೋಳಲ್ಲ" ಅಂದೆ.

ಗಂಗಮ್ಮ ನನ್ನ ಮುಖ ನೋಡಿದರು, ಬದು ನೋಡಿದರು. ಮೆಲುದನಿಯ ನನ್ನ ಮಾತನ್ನು ಅವರು ಇಡೀ ಹೊಲಕ್ಕೆ ಕೇಳುವಂತೆ ಮಾಡಿದರು. "ಬಾವಾರೆ, ಬೀಗ್ರು ಆಚೆ ಸೀಮ್ಯಾಗೆ ಒಲೆ ಹೂಡ್ತಾರಂತೆ. ಅವ್ರೇನು ನಮ್ಮೂರೋರಾ? ನೀವು ಬ್ಯಾಡ ಅನ್ನಂಗಿಲ್ಲ!"

ತಿಪ್ಪಣ್ಣನವರು ಮೊಣಕಾಲು ಬಿಟ್ಟು ಎದ್ದು ಕೂತರು. "ಅವ್ರು ಹೋಗ್ಲಿ. ಸುಧಾ ಸೀಮೆ ದಾಟಂಗಿಲ್ಲ. ಮೀನು ಈಚೆ ಬರಂಗಿಲ್ಲ."

ಡಬ್ಬಿ ಎತ್ತಿಕೊಂಡು ನಡೆದೇಬಿಟ್ಟೆ. ಅಷ್ಟು ಗಂಡಸರ ನಡುವೆ ಹಾಗೆ ಎದ್ದು ನಡೆದದ್ದು ನನಗೇ ಆಮೇಲೆ ತಿಳಿಯಿತು. ಬದು ಹತ್ತಿ ಇಳಿದು, ಮೂರು ಕಲ್ಲು ಹೂಡಿ, ಒಣಗಿದ ತೊಗರಿ ಕಟ್ಟಿಗೆ ಆಯ್ದೆ. ಹುಣಸೆಹಣ್ಣು, ಖಾರದಪುಡಿ ನನ್ನ ಚೀಲದಲ್ಲೇ ಇದ್ದವು. ಅವರ ಕಡೆ ಎಲ್ಲಕ್ಕೂ ಶೇಂಗಾಪುಡಿ ಸುರಿಯುತ್ತಾರೆಂದು ಮನೆಯಿಂದಲೇ ಒಯ್ದಿದ್ದೆ. ಗಂಗಮ್ಮ ಬದುವಿನ ತನಕ ಬಂದು ಒಂದು ಅಲ್ಯೂಮಿನಿಯಂ ಪಾತ್ರೆ, ಈಳಿಗೆಮಣೆ, ಬಿಂದಿಗೆ ನೀರು ಆಚೆ ದಾಟಿಸಿದರು. "ಪಾತ್ರೆ ನೀವೇ ಇಟ್ಕಳ್ರಿ ಬೀಗ್ರೆ, ವಾಪಸ್ ತರಬ್ಯಾಡ್ರಿ" ಅಂದರು.

ಸಾರು ಕುದಿಯತೊಡಗಿದಾಗ ಗಾಳಿ ಅವರ ಊರಿನ ಕಡೆಗೇ ಬೀಸುತ್ತಿತ್ತು. ಅದಕ್ಕೆ ಯಾವ ಕಟ್ಟುಪಾಡು ಹಾಕಲೂ ತಿಪ್ಪಣ್ಣನವರಿಗೆ ಆಗಲಿಲ್ಲ. ಬೇವಿನ ಬುಡದಲ್ಲಿ ಸುಧಾ ಎದ್ದು ಕೂತಳು. ಆಮೇಲೆ ಅತ್ತೆಯ ಹೆಗಲು ಹಿಡಿದು ಬದುವಿನ ತನಕ ನಡೆದು ಬಂದಳು. ಅಲ್ಲಿ ನಿಂತುಬಿಟ್ಟಳು. ಹೊಲದಲ್ಲಿದ್ದವರೆಲ್ಲ ಉಣ್ಣುವುದು ಬಿಟ್ಟು ನೋಡುತ್ತಿದ್ದರು.

"ಬಾವಾರೆ, ಈ ಬದು ಯಾರ್ದು?" ಗಂಗಮ್ಮ ಕೂಗಿ ಕೇಳಿದರು.

ತಿಪ್ಪಣ್ಣನವರು ಬದುವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. "ಬದು ಎರಡೂ ಊರಿಂದು" ಅಂದರು ಕಡೆಗೆ, ಬಾಯಿಯ ನೀರು ನುಂಗಿಕೊಂಡು.

"ಕೂತ್ಕಳವ್ವ" ಅಂದರು ಗಂಗಮ್ಮ.

ಸುಧಾ ಬದುವಿನ ಮೇಲೆ ಕೂತಳು. ಕಾಲು ಗಂಡನ ಊರಿನಲ್ಲಿ, ತಟ್ಟೆ ಆಚೆ ಊರಿನ ಮಣ್ಣಿನ ಮೇಲೆ. ಸೊಂಟ ತಿರುಗಿಸಿಕೊಂಡು ಒಂದು ತುತ್ತು ಉಂಡಳು. ನಾನು ಸೌಟು ಹಿಡಿದು ಅವಳ ಗಂಟಲನ್ನೇ ನೋಡುತ್ತಿದ್ದೆ. ಇನ್ನೊಂದು ತುತ್ತು. ಬಿಸಿ ಸಾರಿಗೆ ಮೂಗಿನಿಂದ ನೀರು ಬಂತು, ಸೆರಗಿನಲ್ಲಿ ಒರೆಸಿಕೊಂಡಳು. ತಟ್ಟೆ ಬರಿದಾಯಿತು. ಈಗ ಬರುತ್ತದೆ, ಇನ್ನೇನು ಬರುತ್ತದೆ ಎಂದು ನಾನು ಖಾಲಿ ಬಿಂದಿಗೆಯನ್ನೇ ಹತ್ತಿರಕ್ಕೆ ಎಳೆದುಕೊಂಡೆ. ಅವಳು ಒಂದು ತೇಗು ತೇಗಿ, "ಅಜ್ಜಿ, ಇನ್ನೊಂದು ತುಂಡು ಹಾಕು" ಅಂದಳು.

ಹಾಕಿದೆ. ಅದೂ ನಿಂತಿತು. ಬೇವಿನ ಕೆಳಗೆ ಯಾರೋ ಹೆಂಗಸು ನಕ್ಕಳು, ಹೊಲದಲ್ಲಿ ಮತ್ತೆ ಮಾತು ಶುರುವಾಯಿತು. ಅಷ್ಟು ಹೊತ್ತಿಗೆ ತಿಪ್ಪಣ್ಣನವರು, ಮೊಣಕಾಲು ನೋವಿನವರು, ಹೇಗೋ ಬದುವಿನ ಹತ್ತಿರ ತಲುಪಿದ್ದರು. ಪಾತ್ರೆಯೊಳಗೆ ಇಣುಕಿ, ಊರಿನ ವಿಚಾರ ಮಾತಾಡುವ ದನಿಯಲ್ಲೇ ಕೇಳಿದರು.

"ಬೀಗ್ರೆ, ತಲೆ ಯಾರಿಗೆ?"

ನಾನು ಮುಖ ಎತ್ತಿ ಅವರನ್ನು ನೋಡಿದೆ. "ಬೇಕಾದೋರು ಬದು ಹತ್ತಿ ಕೂತ್ಕಳ್ರಿ" ಅಂದೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ.

ತಿಪ್ಪಣ್ಣನವರು ಹಿಂದೆ ಒಂದು ಸಲ ತಿರುಗಿ ನೋಡಿ, ಪಂಚೆ ಎತ್ತಿಕೊಂಡು, ಸುಧಾಳಿಂದ ಸ್ವಲ್ಪ ದೂರ ಬಿಟ್ಟು ಬದುವಿನ ಮೇಲೆ ಕೂತರು. ಎರಡೂ ಕಾಲನ್ನು ಮಾತ್ರ ಬಲು ಜೋಪಾನವಾಗಿ ತಮ್ಮ ಊರಿನಲ್ಲೇ ಇಟ್ಟುಕೊಂಡಿದ್ದರು.